ಶನಿವಾರದ ಉಪವಾಸ

ನನ್ನ ಗಂಡ ಶನಿವಾರ ಉಪವಾಸ ಮಾಡುತ್ತಾರೆ ಎಂಬ ಸುಳ್ಳನ್ನು ಹುಟ್ಟಿಸಿದವಳು ನಾನೇ. ಪಾಪ, ಅವರ ಬಾಯಿಂದ ಆ ಮಾತು ಒಂದು ದಿನವೂ ಬಂದದ್ದಲ್ಲ.

ನಾವಾಗ ವೆಸ್ಟ್ ವಿಂಡ್ಸರ್‌ನಲ್ಲಿದ್ದೆವು. ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದ ಆ ಚಳಿಗಾಲದಲ್ಲಿ ಇವರ ಮ್ಯಾನ್‌ಹಟನ್ ಕೆಲಸವೂ ಹೋಯಿತು. ಮೊದಲು ವೀಕೆಂಡಿಗೆ ಎರಡು ಪೆಗ್ ಹಾಕುತ್ತಿದ್ದ ಮನುಷ್ಯ, ಈಗ ಬೆಳಗ್ಗೆ ಎದ್ದವರೇ ಕಾಫಿ ಮಗ್ಗಿಗೆ ವೋಡ್ಕಾ ಸುರಿದುಕೊಳ್ಳತೊಡಗಿದರು. ಮಗಳು ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಳು. ನಾನು ಫೋನ್ ರಿಂಗಾದರೆ ಬೆಚ್ಚುತ್ತಿದ್ದೆ.

ಶನಿವಾರ ಸಂಜೆ ಯಾರದಾದರೂ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರುವುದು ನಮ್ಮ ಕನ್ನಡದವರಲ್ಲಿ ರೂಢಿ. ಅಲ್ಲಿ ಇವರು ತೊದಲಿದರೆ ನನ್ನ ಗತಿ ಏನು? "ಅವರು ಶನಿವಾರ ಉಪವಾಸ ಹಿಡಿದಿದ್ದಾರೆ, ಹೊರಗೆ ಏನೂ ತಗೊಳ್ಳಲ್ಲ" ಎಂದುಬಿಟ್ಟೆ.

ಜನ ನಂಬಿದರು. ಸಾಲದ್ದಕ್ಕೆ ಹೊಗಳಿದರು! ಪಕ್ಕದ ಬೀದಿಯ ಮಂಗಳೂರಿನಾಕೆ ಒಬ್ಬ ನರ್ಸ್. ಭಾನುವಾರ ಬೆಳಗ್ಗೆ ಡ್ಯೂಟಿಗೆ ಹೋಗಬೇಕಿತ್ತು. "ನಿಮ್ಮವರು ದೇವರಂಥ ಮನುಷ್ಯ ಮಾರಾಯ್ತಿ" ಎಂದಳು. "ನಮ್ಮವರು ಶನಿವಾರ ಪಾರ್ಟಿಯಲ್ಲಿ ಕುಡಿದು ಮರುದಿನ ಹನ್ನೊಂದಕ್ಕೆ ಏಳುದು. ಭಾನುವಾರದ ಶ್ಲೋಕದ ಕ್ಲಾಸಿಗೆ ನಮ್ಮ ಮಕ್ಕಳನ್ನೂ ನಿಮ್ಮವರೇ ಕರ್ಕೊಂಡು ಹೋಗ್ಲಿ. ನನಗೆ ಧೈರ್ಯ."

ಆಗುವುದಿಲ್ಲ ಅನ್ನಬೇಕಿತ್ತು. ಮರ್ಯಾದೆ ನೋಡಿ, ಹಾಳಾದ್ದು! ಹೂಂ ಎಂದೆ.

ನನಗೋ ಡ್ರೈವಿಂಗ್ ಬರದು. ರೋಡ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಕೈಚೆಲ್ಲಿದ್ದೆ. ಹಾಗಾಗಿ ಪ್ರತಿ ಭಾನುವಾರ ಇವರು ನನ್ನ ಮಗಳನ್ನೂ ಆಕೆಯ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ರೂಟ್ ಒನ್ ಹೈವೇ ಮೇಲೆ ಇಪ್ಪತ್ತು ನಿಮಿಷ ಡ್ರೈವ್ ಮಾಡುತ್ತಿದ್ದರು. ತಲುಪಿದೆ ಎಂದು ಫೋನ್ ಬರುವವರೆಗೆ ನಾನು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಮಕ್ಕಳಿರುವಾಗ ಅವರು ಕುಡಿದಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮಗ್ಗನ್ನು ಮೂಸಿ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ.

ಒಂದು ಭಾನುವಾರ ರಸ್ತೆಯ ಮೇಲೆ ಐಸ್ ಕಟ್ಟಿತ್ತು. ಆಕೆ ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ತನ್ನ ಕಾರಿನತ್ತ ಹೋದಳು. ಇವರು ಮೊಳೆಗೆ ತೂಗುಹಾಕಿದ್ದ ಕಾರಿನ ಕೀ ತೆಗೆಯಲು ಹೋಗಿ ಪಕ್ಕದ ಗೋಡೆಯನ್ನು ಸವರಿದರು. ಇನ್ನೊಮ್ಮೆ ಕೈ ಚಾಚಿದರು. ಆಗಲೂ ಗೋಡೆಯೇ ಸಿಕ್ಕಿತು. ನಾನೇ ಮುಂದೆ ಹೋಗಿ ಕೀ ತೆಗೆದು ಮುಷ್ಟಿಯಲ್ಲಿ ಬಿಗಿಹಿಡಿದೆ.

"ಕೊಡೇ ಇಲ್ಲಿ" ಎಂದರು, ಹಲ್ಲು ಕಚ್ಚಿ.

"ಕೊಡಲ್ಲ ರೀ. ನೀವು ಕುಡಿದಿದ್ದೀರ."

"ಮಕ್ಕಳ ಮುಂದೆ ಮಾನ ತೆಗೀತೀಯಾ? ಒಂದೇ ಒಂದು ಗುಟುಕು, ಅಷ್ಟೇ."

ಮಕ್ಕಳು ಮೂವರೂ ಜಾಕೆಟ್ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಇವರು ನನ್ನ ಮಣಿಕಟ್ಟು ಹಿಡಿದು ತಿರುಚಿದರು. ಹದಿಮೂರು ವರ್ಷದ ಸಂಸಾರದಲ್ಲಿ ನನ್ನ ಮೇಲೆ ಕೈಮಾಡಿದವರಲ್ಲ. ನನಗೆ ನೋವಿಗಿಂತ ಸಿಟ್ಟು ನೆತ್ತಿಗೇರಿತು. ಕೈ ಕೊಡವಿಕೊಂಡು ಬಾಗಿಲು ತೆರೆದೆ. ಆಕೆ ಕಾರು ರಿವರ್ಸ್ ಮಾಡುತ್ತಿದ್ದಳು. ಬೀದಿಗೆಲ್ಲ ಕೇಳುವಂತೆ ಕೂಗಿದೆ.

"ಎಂತ ಆಯ್ತು?" ಎಂದು ಓಡಿಬಂದಳು.

"ಮಕ್ಕಳನ್ನ ವಾಪಸ್ ಕರ್ಕೊಂಡು ಹೋಗಿ. ಇವರು ಕುಡಿದಿದ್ದಾರೆ. ಉಪವಾಸವೂ ಇಲ್ಲ, ಮಣ್ಣೂ ಇಲ್ಲ. ಎಲ್ಲಾ ನಾನು ಕಟ್ಟಿದ ಸುಳ್ಳು."

ಆಕೆ ತನ್ನ ಇಬ್ಬರನ್ನೂ ಮೈಗೆ ಎಳೆದುಕೊಂಡಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹೋದ ವಾರ?" ಎಂದಷ್ಟೇ ಕೇಳಿದಳು.

ಇವರು ನೆಲ ನೋಡುತ್ತ ನಿಂತರು. ಆಗ ಒಂಬತ್ತು ವರ್ಷದ ನನ್ನ ಮಗಳು, ಅಪ್ಪನಿಗೆ ಎಲ್ಲಿ ಬೈಗುಳ ಬೀಳುತ್ತದೋ ಎಂದು ಹೆದರಿ, ಅವರಿಗೂ ಆಕೆಗೂ ನಡುವೆ ಬಂದು ನಿಂತಳು.

"ಇಟ್ಸ್ ಓಕೆ, ಆಂಟಿ" ಎಂದಳು. "ರೆಡ್ ಲೈಟ್ ಬಂದಾಗೆಲ್ಲ ನಾನು ಹೇಳ್ತೀನಿ. ಐ ಆಲ್ವೇಸ್ ಟೆಲ್ ಹಿಮ್."

ಎಷ್ಟು ವಾರಗಳಿಂದ ಎಂದು ಅವಳನ್ನು ಕೇಳಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.