ಮನೆಯವರ ಪಂಕ್ತಿ

ಮೊನ್ನೆ ಹೊಸಬಾಳೆಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಬಾಳೆ ಎಲೆಗೆ ಬಿಸಿ ಅನ್ನ ಬಿದ್ದಾಗ ಏಳುವ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಸಿದು ಊಟಕ್ಕೆ ಹೊರಟ ನನ್ನ ತೋಳು ಹಿಡಿದು ಚಿಕ್ಕಪ್ಪ, "ನಾವು ಮನೆಯೋರು, ಕೊನೇ ಪಂಕ್ತೀಲಿ ಕೂತ್ರಾತು ಬಾ" ಎಂದರು. ಅಕ್ಕ ನೆನಪಾದರು...

ಒಡಹುಟ್ಟಿದವರಲ್ಲ. ಶಿಕಾರಿಪುರದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಜೊತೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು. ದಿನಾ ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಆಗ ನಮ್ಮ ವೆಬ್‌ಸೈಟು ಮಹಾ ಮೊಂಡು. ಒಬ್ಬರ ರಿಪೋರ್ಟ್ ತಯಾರಾಗಿ ಅವರ ಮೊಬೈಲಿಗೆ ಹೋಗುವವರೆಗೂ ಪರದೆ ಅಲ್ಲಾಡುತ್ತಿರಲಿಲ್ಲ, ಕೌಂಟರಿನ ಮುಂದೆ ಜನ ಬೈಯುತ್ತ ನಿಂತಿರುತ್ತಿದ್ದರು. ಅಕ್ಕ ಅದರ ಪ್ರೋಗ್ರಾಮನ್ನೇ ಹೊಸದಾಗಿ ಬರೆದರು. ಗುಂಡಿ ಒತ್ತಿದರೆ ಸಾಕು, ಪುಟ ಕೂಡಲೇ ಮುಂದಿನವರಿಗೆ ಸಿದ್ಧ. ರಿಪೋರ್ಟ್ ಮಾಡುವ, ಕಳಿಸುವ ಕೆಲಸವೆಲ್ಲ ಹಿಂದೆ ಸರದಿಯಲ್ಲಿ ತನ್ನ ಪಾಡಿಗೆ ನಡೆಯುತ್ತಿತ್ತು.

"ಅಡುಗೆ ಒಳಗೆ ಆಗ್ತಿರ್ತದೆ ಮಾರಾಯಾ, ಬಂದೋರನ್ನ ಬಾಗಿಲಲ್ಲೇ ಯಾಕೆ ನಿಲ್ಸಬೇಕು?" ಎಂದು ನಕ್ಕಿದ್ದರು.

ಸರದಿಯನ್ನು ಎರಡು ಮಾಡಿದ್ದರು. ಹೊರಗಿನವರದು ಮೊದಲು. ಲ್ಯಾಬಿನವರದು, ಅವರ ಮನೆಮಂದಿಯದು, ಹೊರಗಿನವರದೆಲ್ಲ ಮುಗಿದ ಮೇಲೆ. ಅದಕ್ಕೆ ಇಟ್ಟ ಹೆಸರೇ 'ಮನೆಯವರ ಪಂಕ್ತಿ'. ನಮಗ್ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಮರ್ಯಾದೆಯೇ ಕಂಡಿತು.

ಆ ಮಳೆಗಾಲ ಎತ್ತ ನೋಡಿದರೂ ಡೆಂಗಿ. ಶಿಕಾರಿಪುರ, ಸೊರಬ ಎರಡೂ ಕಡೆಯಿಂದ ಹಗಲೂ ರಾತ್ರಿ ಪರೀಕ್ಷೆಗಳು ಬಂದು ಬೀಳುತ್ತಿದ್ದವು. ಅಕ್ಕನಿಗೂ ಜ್ವರ ಬಂತು. ಸೊರಬದ ನಮ್ಮ ಶಾಖೆಯಲ್ಲೇ ರಕ್ತ ಕೊಟ್ಟು ಮನೆಗೆ ಹೋಗಿ ಮಲಗಿದರು. ಯಂತ್ರ ಅಳೆದದ್ದು ನೇರ ಕಂಪ್ಯೂಟರಿಗೆ ಹೋಗುತ್ತಿತ್ತು, ನಡುವೆ ಯಾರೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ಹೇಳಿದವರ ಮೇಲೆ ನಾನು ರೇಗಿದೆ. ಹೋದ ವಾರವಷ್ಟೇ ನಗಾಡಿಕೊಂಡು ಬಸ್ ಹತ್ತಿದವರು ಸಾಯುವುದೆಂದರೇನು!

ಮಣ್ಣು ಮುಗಿಸಿ ಹೊರಟಾಗ ಅವರ ಯಜಮಾನರು ನನ್ನ ಕೈ ಹಿಡಿದರು. "ರಿಪೋರ್ಟ್ ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತ ಮಾಡಿದ್ವಿ. ಯಾಕ್ರೀ ಬರ್ಲೇ ಇಲ್ಲ?"

ಲ್ಯಾಬಿಗೆ ಬಂದು ಸರದಿ ತೆರೆದೆ. ಹೊರಗಿನವರ ಸಾಲು ಒಮ್ಮೆಯೂ ಬರಿದಾಗಿರಲಿಲ್ಲ. ಹಾಗಾಗಿ ಮನೆಯವರ ಪಂಕ್ತಿಗೆ ಎಲೆಯನ್ನೇ ಹಾಕಿರಲಿಲ್ಲ. ಅಲ್ಲಿ ಅಕ್ಕನ ಹೆಸರು ಕಾಯುತ್ತ ಕೂತಿತ್ತು, ಪ್ಲೇಟ್‌ಲೆಟ್ ತಳ ಮುಟ್ಟಿದ ವಿಷಯವನ್ನು ಹಿಡಿದುಕೊಂಡು...

ಈಗ ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಸಾಲು.

ಮೊನ್ನೆ ಚಿಕ್ಕಪ್ಪನ ಕೈ ಬಿಡಿಸಿಕೊಂಡು ಮೊದಲ ಪಂಕ್ತಿಗೇ ಹೋಗಿ ಕೂತೆ. ಬೆಳಗಿನಿಂದ ನೀರೂ ಕುಡಿಯದೆ ಓಡಾಡುತ್ತಿದ್ದ ಚಿಕ್ಕಮ್ಮನನ್ನೂ ಎಳೆದು ಪಕ್ಕದಲ್ಲಿ ಕೂರಿಸಿದೆ. "ನೋಡ್ದೋರು ಏನಂತಾರೋ" ಎಂದು ಗೊಣಗುತ್ತಲೇ ಅವರು ಉಂಡರು. ಅಕ್ಕನನ್ನು ಹೀಗೆ ಎಳೆದು ಕೂರಿಸುವವರು ಯಾರೂ ಇರಲಿಲ್ಲ.