ಎಮ್ಮೆಯ ಕತ್ತಿನಲ್ಲೊಂದು ಅಕ್ಕಿಕಾಳು

ನಾನು ಮದುವೆಯಾಗಿ ಗೋವಿನಕೋವಿಗೆ ಬಂದಾಗ ಅಪ್ಪ ಜಗಳೂರಿನಿಂದ ಒಂದು ಎಮ್ಮೆಕರುವನ್ನು ಬಳುವಳಿಯಾಗಿ ಕಳಿಸಿದ್ದ. ಬಂಗಾರ ಕೊಟ್ಟಿದ್ದರೂ ನನಗೆ ಅಷ್ಟು ಜಂಬ ಬರುತ್ತಿರಲಿಲ್ಲ. ಈಗಲೂ ಫೋನ್ ಮಾಡಿದರೆ ಅಪ್ಪ ಮೊದಲು ವಿಚಾರಿಸುವುದು ಎಮ್ಮೆಯನ್ನು, ಆಮೇಲೆ ಅಳಿಯನನ್ನು. ನನ್ನ ಸರದಿ ಕೊನೆಗೆ.

ಹೋದ ವರ್ಷ ಅದು ಗಬ್ಬವಾದಾಗ ವಿಮೆ ಮಾಡಿಸಿದೆವು. ಹೊನ್ನಾಳಿಯಿಂದ ಬಂದ ದನದ ಡಾಕ್ಟರು ವಿಮೆಯ ಗುರುತಿಗೆಂದು ಅದರ ಕತ್ತಿನ ಚರ್ಮದಡಿಗೆ ಸೂಜಿಯಿಂದ ಅಕ್ಕಿಕಾಳಿನಷ್ಟು ಚಿಪ್ ಇಳಿಸಿದರು. ಅದರೊಳಗೊಂದು ನಂಬರ್ ಇರುತ್ತದಂತೆ, ಅದು ಇನ್ಯಾವ ದನಕ್ಕೂ ಇರುವುದಿಲ್ಲವಂತೆ. ಟೋಲ್ ಗೇಟಿಗೆಂದು ಕಾರಿನ ಗಾಜಿಗೆ ಅಂಟಿಸುವ ಸ್ಟಿಕ್ಕರ್ ಕೂಡ ಇದೇ ಜಾತಿಯದು ಎಂದರು. ನನ್ನ ಗಂಡ ತಲೆಯಾಡಿಸಿದ್ದೇ ಆಡಿಸಿದ್ದು. ಆ ತಲೆಯೊಳಗೆ ಹೋದದ್ದು ಒಂದೇ ಮಾತು: ಎಮ್ಮೆಯ ಕತ್ತಿನಲ್ಲಿ ಮೊಬೈಲ್ ಇದೆ. ಅವತ್ತಿನಿಂದ ಎಮ್ಮೆಯನ್ನು ಮೇಯಲು ಬಿಟ್ಟು ಹೋಟೆಲ್ಲಿನ ಬೆಂಚಿನ ಮೇಲೆ ಹರಟೆಗೆ ಕೂರುವುದು ಶುರುವಾಯಿತು. ಕೇಳಿದರೆ, ಚಿಪ್ ಐತಲ್ಲ ಎನ್ನುವುದು.

ಸರಿಯಾಗಿ ದಿನ ತುಂಬಿದಾಗಲೇ ಎಮ್ಮೆ ಒಂದು ಸಂಜೆ ಮನೆಗೆ ಬರಲಿಲ್ಲ. ಗಂಡ ಆರಾಮಾಗಿ ಡಾಕ್ಟರಿಗೆ ಫೋನ್ ಹಚ್ಚಿ, ನಮ್ಮ ಎಮ್ಮೆ ಎಲ್ಲೈತೆ ನೋಡಿ ಹೇಳ್ರಿ ಎಂದ. ಅವರು ನಕ್ಕು ಬಿಡಿಸಿ ಹೇಳಿದರು. ಚಿಪ್ಪಿಗೆ ಬ್ಯಾಟರಿಯೇ ಇಲ್ಲ. ಓದುವ ಯಂತ್ರವನ್ನು ಗೇಣು ದೂರದಲ್ಲಿ ಹಿಡಿದರೆ, ಅದು ಬಿಡುವ ರೇಡಿಯೋ ಅಲೆಯ ಶಕ್ತಿಯಿಂದಲೇ ಚಿಪ್ ಎಚ್ಚರಾಗಿ ತನ್ನ ನಂಬರ್ ಹೇಳುತ್ತದೆ. ದೂರದಿಂದ ಕೂಗಿದರೆ ಓಗೊಡುವುದಿಲ್ಲ.

“ಮೊದ್ಲು ಎಮ್ಮೆ ಹುಡುಕ್ರಿ, ಆಮೇಲೆ ನನ್ನ ಕರೀರಿ” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಗಂಡನಿಗೆ ಬಾಯಿಗೆ ಬಂದಂತೆ ಬೈದೆ. ಅಪ್ಪನಿಗೆ ಏನಂತ ಹೇಳಲಿ ಎಂದು ಅಳುವೂ ಬಂತು.

ಮರುದಿನ ಗಂಡ ಒಂದು ದಿಕ್ಕಿಗೆ, ನಾನೊಂದು ದಿಕ್ಕಿಗೆ. ನ್ಯಾಮತಿ ದಾರಿಯ ಹಳ್ಳಿಯೊಂದರಲ್ಲಿ, ಒಬ್ಬ ಅಜ್ಜಿಯ ಕೊಟ್ಟಿಗೆಯಲ್ಲಿ ನನ್ನ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಅಜ್ಜಿಗೆ ಕಣ್ಣು ಮಂಜು. ತನ್ನ ಎಮ್ಮೆಯೂ ತಪ್ಪಿಸಿಕೊಂಡಿತ್ತು, ಈಗ ತಾನಾಗೇ ಬಂದಿದೆ ಎಂದು ಹಗ್ಗ ಹಿಡಿದು ಕೂತುಬಿಟ್ಟಳು. ಅದೂ ಗಬ್ಬವಂತೆ, ಅದೇ ಕೋಡು, ಅದೇ ಕಪ್ಪು. ಡಾಕ್ಟರನ್ನು ಕರೆದೆ. ಪುಣ್ಯಾತ್ಮರು, ಬೈಕ್ ಹತ್ತಿ ಬಂದೇಬಿಟ್ಟರು.

ಕತ್ತಿಗೆ ಯಂತ್ರ ಹಿಡಿದರೆ ಸದ್ದೇ ಇಲ್ಲ. ನೋಡಿದ್ಯಾ ತಂಗಿ ಎಂದಳು ಅಜ್ಜಿ. ಡಾಕ್ಟರು ಮಾತ್ರ, ಚಿಪ್ ಒಮ್ಮೊಮ್ಮೆ ಚರ್ಮದಡಿಯಲ್ಲೇ ಜಾರುತ್ತದೆ ಎನ್ನುತ್ತ ಯಂತ್ರವನ್ನು ಮೆಲ್ಲಗೆ ಹೆಗಲಿನವರೆಗೆ ತಂದರು. ಬೀಪ್ ಅಂದಿತು. ಬಂದ ನಂಬರ್ ನಮ್ಮದೇ. ನಾನು ಎಮ್ಮೆಯ ಕೊರಳು ತಬ್ಬಿ ಅತ್ತುಬಿಟ್ಟೆ. ಅಜ್ಜಿಯ ಮುಖ ಸಪ್ಪಗಾಯಿತು.

“ಹಂಗಾದ್ರೆ ನಂದೆಲ್ಲೈತೆ? ಆ ಮಿಷನ್ನು ಹೊಲದ ಕಡೆ ಹಿಡಿದು ನೋಡ್ರಿ” ಎಂದು ಅವಳೂ ಡಾಕ್ಟರಿಗೆ ಗಂಟುಬಿದ್ದಳು.

ಅಷ್ಟರಲ್ಲಿ ನನ್ನ ಗಂಡನ ಫೋನು. ಎಮ್ಮೆ ಸಿಕ್ಕಿತಂತೆ. ಕೆರೆಯಂಗಳದಿಂದ ಹಿಡಿದು ತಂದು, ಮೈ ತೊಳೆದು, ಕುಂಕುಮ ಹಚ್ಚಿ, ಹಿಂಡಿ ಇಟ್ಟಿದ್ದಾನಂತೆ.

“ಚಿಪ್ಪೂ ಬ್ಯಾಡ, ಡಾಕ್ಟ್ರೂ ಬ್ಯಾಡ. ನಮ್ಮೆಮ್ಮೆ ನಂಗೆ ಗೊತ್ತಾಗಲ್ವೇನೇ?”

ನಾನು ನನ್ನ ಎಮ್ಮೆಯ ಬೆನ್ನಿಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಡಾಕ್ಟರು ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ನಮ್ಮ ಮನೆಗೆ ಮುಂದೆ ಹೋದರು, ನಾನು ಎಮ್ಮೆ ಹೊಡೆದುಕೊಂಡು ಹಿಂದೆ ಬಂದೆ. ನಮ್ಮ ಅಂಗಳದ ಎಮ್ಮೆಯ ಮೇಲೆ ಯಂತ್ರ ಕತ್ತಿನಿಂದ ಬಾಲದವರೆಗೆ ಓಡಾಡಿದರೂ ಬಾಯಿ ಬಿಟ್ಟಿರಲಿಲ್ಲವಂತೆ. ಅಜ್ಜಿ ತನ್ನ ಎಮ್ಮೆಯ ಕೊರಳು ಸವರುತ್ತ ನಿಂತಿದ್ದಳು. ಗಂಡ ಇಂಗು ತಿಂದ ಮಂಗನಂತೆ ಖಾಲಿ ಹಿಂಡಿ ಬುಟ್ಟಿ ಹಿಡಿದಿದ್ದ.

ಆಗಲೇ ಅಪ್ಪನ ಫೋನ್ ಬಂತು, ಎಮ್ಮೆ ಹೆಂಗೈತವ್ವಾ ಎಂದ.

“ಮನೇಲೇ ಐತಪ್ಪ” ಎಂದೆ.

“ಮನೇಲಿಲ್ದೆ ಇನ್ನೆಲ್ಲಿರ್ತೈತೆ?” ಎಂದು ಗದರಿದ.

ಬೈಸಿಕೊಂಡು ಅಷ್ಟು ಖುಷಿಯಾದದ್ದು ನನಗೆ ಅದೇ ಮೊದಲು.