ಕೊಟ್ಟಿಗೆ ಕೆಡವಿ ಕಟ್ಟಿದ ರೂಮು

ಇವತ್ತು ಬೆಳಿಗ್ಗೆ ಮಗಳ ಹಾಸಿಗೆಗೆ ಹೊಸ ಗವಸು ಬಂತು. ಧೂಳಿನ ಹುಳ ನುಸುಳದಂಥ ಗವಸಂತೆ. ಪ್ಲಾಸ್ಟಿಕ್ ಹರಿದು ಆ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹನ್ನೊಂದು ವರ್ಷ ಹಿಂದಕ್ಕೆ ಹೋದೆ. ನನ್ನ ತಲೆ ಪೂರ್ತಿ ಕೆಟ್ಟುಹೋದ ವರ್ಷ ಅದು. ಈಗ ಸರಿಹೋಗಿದೆ ಅಂತ ನೀವು ತಿಳಿಯಬೇಡಿ.

ಪಟ್ಟಂದೂರು ಅಗ್ರಹಾರದಲ್ಲಿ ನಮ್ಮದು ಹಳೇ ಮನೆತನ. ಹೊಲಗಳೆಲ್ಲ ಗಾಜಿನ ಕಟ್ಟಡಗಳಾದ ಮೇಲೆ ನಮಗೆ ಉಳಿದದ್ದು ಬಾಡಿಗೆ ಮನೆಗಳು, ಹಿತ್ತಿಲಲ್ಲಿ ಅವ್ವ ಸಾಕಿದ ಹಸು ಗೌರಿ. ಆಗ ಆರು ವರ್ಷದ ನನ್ನ ಮಗಳು ಚಿನ್ನಿಗೆ ಉಬ್ಬಸ ಶುರುವಾಯಿತು. ಡಾಕ್ಟರು, "ಯಾವುದರ ಅಲರ್ಜಿ ಅಂತ ಟೆಸ್ಟ್ ಮಾಡೋಣ, ಮುಂದಿನ ವಾರ ಬನ್ನಿ" ಅಂದರು. ಒಂದು ವಾರ ಸುಮ್ಮನಿರುವ ಆಸಾಮಿಯೇ ನಾನು? ಹಸುವಿನ ಕೂದಲೇ ಕಾರಣವೆಂದು ನಾನೇ ತೀರ್ಮಾನಿಸಿ, ಗೌರಿಯನ್ನು ಮಾದನಾಯಕನಹಳ್ಳಿಯ ನೆಂಟರ ಮನೆಗೆ ಸಾಗಿಸಿದೆ. ಅವ್ವ ತಡೆಯಲಿಲ್ಲ. ಮೊಮ್ಮಗಳ ಉಸಿರಿನ ಪ್ರಶ್ನೆಯಲ್ಲವೇ.

ನಮ್ಮಂಥ ಓನರ್‌ಗಳಿಗೆ ಒಂದು ಚಾಳಿಯಿದೆ. ಏನೇ ತೊಂದರೆ ಬರಲಿ, ಒಂದು ರೂಮು ಕಟ್ಟಿಬಿಡುತ್ತೇವೆ. ಕೊಟ್ಟಿಗೆ ಕೆಡವಿ ಚಿನ್ನಿಗೊಂದು ರೂಮು ಕಟ್ಟಿಸಿ, ದಪ್ಪನೆಯ ಹತ್ತಿ ಹಾಸಿಗೆ ಹಾಕಿ, ಕಿಟಕಿಗಳನ್ನೆಲ್ಲ ಮುಚ್ಚಿದೆ. ಉಬ್ಬಸ ಇನ್ನೂ ಜಾಸ್ತಿಯಾಯಿತು. ಕೊನೆಗೆ ಟೆಸ್ಟ್ ಮಾಡಿಸಿದಾಗ ಕೈ ಮೇಲೆ ಒಂದೊಂದರ ಹನಿ ಹಾಕಿ ಸೂಜಿಯಿಂದ ಚುಚ್ಚಿ ನೋಡಿದರು. ಹಸುವಿನ ಹನಿಗೆ ಅವಳ ಚರ್ಮ ಸುಮ್ಮನಿತ್ತು. ಹಾಸಿಗೆಯಲ್ಲಿರುವ ಧೂಳಿನ ಹುಳಕ್ಕೆ ದದ್ದು ಎದ್ದಿತು.

ಮಹಡಿಯಲ್ಲಿ ಬಾಡಿಗೆಗಿದ್ದ ಸುನೀತಾ ಯಾವುದೋ ಲ್ಯಾಬಿನಲ್ಲಿ ಅಲರ್ಜಿಯ ಮೇಲೇ ಸಂಶೋಧನೆ ಮಾಡುತ್ತಿದ್ದಳು. "ಏನಮ್ಮಾ, ಧೂಳಿಗೆ ಇಷ್ಟೊಂದು ರಂಪಾನಾ?" ಎಂದು ಕೇಳಿದೆ.

"ಅಂಕಲ್, ರಕ್ತದಲ್ಲಿ ರೋಗದ ಜೊತೆ ಹೋರಾಡೋಕೆ ನೆರವಾಗೋ ಹೆಲ್ಪರ್ ಟಿ ಸೆಲ್ ಅಂತ ಇರ್ತವೆ. ಮೊದಲು ಅವಕ್ಕೆ ಇಂಥದ್ದೇ ಕೆಲಸ ಅಂತ ಇರಲ್ಲ. ಒಳಗಡೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನೋ ಪ್ರೋಟೀನುಗಳು ಡಿಎನ್‌ಎ ಮೇಲೆ ಕೂತು, ಯಾವ ಜೀನ್ ಕೆಲಸ ಮಾಡ್ಬೇಕು ಅಂತ ನಡೆಸ್ತವೆ. ಅದ್ರಲ್ಲಿ ಟಿ-ಬೆಟ್ ಅನ್ನೋ ಪ್ರೋಟೀನು ಗೆದ್ರೆ ಸೆಲ್ ಒಂಥರ ಆಗುತ್ತೆ, ಗಾಟಾ-ತ್ರೀ ಅನ್ನೋದು ಗೆದ್ರೆ ಇನ್ನೊಂಥರ. ಅಲರ್ಜಿ ಇರೋರಲ್ಲಿ ಗಾಟಾ-ತ್ರೀದೇ ಮೇಲುಗೈ. ಆ ಸೆಲ್‌ಗಳು ಬರೀ ಧೂಳಿಗೂ ಇಡೀ ಮೈನ ಎಬ್ಬಿಸಿಬಿಡ್ತವೆ."

"ಅದನ್ನ ಗೆಲ್ಲಿಸಿದ್ದು ಯಾರು?"

"ಒಂದೇ ಕಾರಣ ಹೇಳೋಕಾಗಲ್ಲ, ಇನ್ನೂ ಹುಡುಕ್ತಿದ್ದೀವಿ. ಕೊಟ್ಟಿಗೆ ಹತ್ರ ಬೆಳೆದ ಮಕ್ಕಳಿಗೆ ಅಲರ್ಜಿ ಕಮ್ಮಿ ಅಂತಾನೂ ಹೇಳ್ತಾರೆ."

ನನ್ನ ತಲೆ ಗಿರ್ರೆಂದಿತು. ಹಾಗಾದರೆ ನಾನು ಊರಾಚೆ ಕಳಿಸಿದ್ದು ರೋಗವನ್ನೋ, ಔಷಧಿಯನ್ನೋ? ಎರಡೂ ಅಲ್ಲ ಅಂದಳು ಸುನೀತಾ. ಅದಂತೂ ನನಗೆ ಏನೇನೂ ಅರ್ಥವಾಗಲಿಲ್ಲ. ಗೌರಿಯನ್ನು ವಾಪಸು ತರೋಣವೆಂದರೆ ಕಟ್ಟಲು ಜಾಗವಿಲ್ಲ. ಅವ್ವನಿಗೆ ಹೇಳೋಣವೆಂದರೆ ಬಾಯಿ ಬರಲಿಲ್ಲ. ನಾಚಿಕೆಯಿಂದ ಟೆಸ್ಟಿನ ಸುದ್ದಿಯನ್ನೇ ಮುಚ್ಚಿಟ್ಟೆ. ಎರಡು ವರ್ಷದ ಮೇಲೆ ಗೌರಿ ಅಲ್ಲೇ ಸತ್ತಳು.

ಇವತ್ತು, ಪಿಯುಸಿ ಓದುತ್ತಿರುವ ಚಿನ್ನಿ ಗವಸು ಹಾಕಿ ಮುಗಿಸಿ, ಅಜ್ಜಿಗೆ ಈ ಟಿ ಸೆಲ್ ಪಾಠವನ್ನೇ ಚಿತ್ರ ಬರೆದು ಹೇಳಿಕೊಡುತ್ತಿದ್ದಳು. ಅವರೆಕಾಯಿ ಬಿಡಿಸುತ್ತಿದ್ದ ಅವ್ವ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಾಣಗಳ ಮೇಲೆಲ್ಲ ಬೆರಳಾಡಿಸಿದಳು.

"ಇದ್ರಾಗೆ ಗೌರಿ ಎಲ್ಲವ್ಳೆ?"

"ಗೌರಿ ಇಲ್ಲ ಅಜ್ಜಿ. ನಂಗೆ ಆಗದೇ ಇದ್ದಿದ್ದು ಹಾಸಿಗೆ ಧೂಳು."

ಅವ್ವ ನನ್ನ ಕಡೆ ತಿರುಗಿದಳು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ನಂಗೊತ್ತಿತ್ತು ಕಣವ್ವ. ಆಗ್ಲೇ ಗೊತ್ತಾಗಿತ್ತು."

"ಅವ್ಳಿನ್ನೂ ಬದ್ಕಿದ್ದಾಗ್ಲೇನ್ಲಾ?"

ಹೌದು ಅಂದೆ.